ಮೈಗೆ ತಕ್ಕ ಮಾತ್ರೆ



ನಡುರಾತ್ರಿಯಲ್ಲಿ ತಮ್ಮ ಎರಡು ವರ್ಷದ ಮಗುವಿಗೆ ಜ್ವರ ಬಂದಿತೆಂದು ಭಾವಿಸಿರಿ. ಮನೆಯ ಗೂಡಿನಲ್ಲಿ ದೊಡ್ಡವರಿಗಾಗಿ ತಂದಿಟ್ಟ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಗುಳಿಗೆಯಿದೆ. ತಾಯಿ ಅದನ್ನು ಎರಡು ಹೋಳು ಮಾಡಿ, ಒಂದನ್ನು ನೀರಿನಲ್ಲಿ ಕದಡಿ ಕುಡಿಸುತ್ತಾಳೆ. ಅರ್ಧ ಗುಳಿಗೆಯೆಂದರೆ ಸ್ವಲ್ಪವೇ ಎಂದು ಆಕೆಯ ಎಣಿಕೆ. ಆದರೆ ಈ ಔಷಧಿಯನ್ನು ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂನಂತೆ ಕೊಡತಕ್ಕದ್ದು. ಮಗು 10 ಕಿಲೋ ಇದ್ದರೆ ಒಂದು ಸಲಕ್ಕೆ 150 ಮಿಲಿಗ್ರಾಂ ಮೀರಬಾರದು. ತಾಯಿ ಕೊಟ್ಟದ್ದು 250 ಮಿಲಿಗ್ರಾಂ. ಹೀಗೆಯೇ ಮೇಲಿಂದ ಮೇಲೆ ಕೊಟ್ಟರೆ ಮಗುವಿನ ಯಕೃತ್ತಿಗೆ ಹಾನಿಯಾಗುವ ಭಯವಿದೆ.

ಇಂತಹ ಪ್ರಸಂಗ ಮೈಲೂರಿನಲ್ಲಿಯೂ, ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಯಾವ ಮನೆಯಲ್ಲಾದರೂ ಒದಗಬಹುದು. ಗುಳಿಗೆಗೆ ನಾವು ಮಾತ್ರೆ ಎಂದೂ ಹೇಳುತ್ತೇವೆ. ಮಾತ್ರೆ ಎಂಬ ಪದಕ್ಕೆ ಅಳತೆ ಎಂಬ ಅರ್ಥವೂ ಉಂಟು. ಅಳತೆ ತಪ್ಪಿದ ಔಷಧಿ ಔಷಧಿಯಾಗಿ ಉಳಿಯುವುದಿಲ್ಲ.

ಅಚ್ಚು ಒಂದೇ, ಮೈ ಹಲವು

ಕಾರ್ಖಾನೆಯಲ್ಲಿ ಔಷಧಿಯ ಪುಡಿಯನ್ನು ಅಚ್ಚಿನಲ್ಲಿ ಹಾಕಿ, ಒತ್ತಿ, ಗುಳಿಗೆ ಮಾಡುತ್ತಾರೆ. ಒಂದು ಅಚ್ಚಿನಿಂದ ಲಕ್ಷಗಟ್ಟಲೆ ಗುಳಿಗೆಗಳು ಒಂದೇ ಪ್ರಮಾಣದಲ್ಲಿ ಹೊರಬೀಳುತ್ತವೆ. ಇದರಿಂದ ಬೆಲೆ ಇಳಿಯುತ್ತದೆ, ಗುಣಮಟ್ಟ ಒಂದೇ ಆಗಿರುತ್ತದೆ. ಆದರೆ ಮನುಷ್ಯರ ಮೈ ಒಂದೇ ಅಚ್ಚಿನಲ್ಲಿ ಎರಕವಾದುದಲ್ಲ. ಮಗುವಿನ ತೂಕ ತಿಂಗಳು ತಿಂಗಳಿಗೂ ಬದಲಾಗುತ್ತದೆ. ವೃದ್ಧರ ಮೂತ್ರಪಿಂಡಗಳು ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತವೆ. ಗರ್ಭಿಣಿಯ ದೇಹದಲ್ಲಿ ಕೆಲವು ಔಷಧಿಗಳ ಮಟ್ಟ ತಾನಾಗಿಯೇ ಇಳಿಯುವುದುಂಟು.

ಪದರ ಪದರವಾಗಿ ಗುಳಿಗೆ

ಈ ತೊಡಕಿಗೆ ವಿಜ್ಞಾನಿಗಳು ಹೊಸದೊಂದು ದಾರಿಯನ್ನು ಕಂಡುಕೊಂಡಿದ್ದಾರೆ. ಹಬ್ಬದ ದಿನ ಚಕ್ಕುಲಿ ಒತ್ತುವುದನ್ನು ತಾವು ಬಲ್ಲಿರಿ. ಒಂದು ಸುತ್ತು ಸಾಕೆಂದರೆ ಸಣ್ಣ ಚಕ್ಕುಲಿ, ನಾಲ್ಕು ಸುತ್ತು ಬೇಕೆಂದರೆ ದೊಡ್ಡದು. ಹಿಟ್ಟು ಒಂದೇ, ಅಳತೆ ಮಾತ್ರ ಒತ್ತುವವರ ಕೈಯಲ್ಲಿದೆ. ತ್ರೀ-ಡಿ ಪ್ರಿಂಟರ್ ಎಂಬ ಯಂತ್ರವೂ ಹೀಗೆಯೇ ಔಷಧಿ ಬೆರೆತ ಕಣಕವನ್ನು ಸಣ್ಣ ರಂಧ್ರದಿಂದ ಹೊರಡಿಸಿ, ಪದರದ ಮೇಲೆ ಪದರವಿಟ್ಟು ಗುಳಿಗೆಯನ್ನು ಕಟ್ಟುತ್ತದೆ. ರೋಗಿಗೆ ಎಷ್ಟು ಮಿಲಿಗ್ರಾಂ ಬೇಕೆಂದು ಕಂಪ್ಯೂಟರಿಗೆ ತಿಳಿಸಿದರೆ ಗುಳಿಗೆ ಅಷ್ಟೇ ಗಾತ್ರಕ್ಕೆ ಸಿದ್ಧವಾಗುತ್ತದೆ.

2015ರಲ್ಲಿ ಅಮೆರಿಕದ ಸರ್ಕಾರವು ಈ ಬಗೆಯ ಮುದ್ರಣದಿಂದ ತಯಾರಾದ ಮೊದಲ ಗುಳಿಗೆಗೆ ಅನುಮತಿ ನೀಡಿತು. ಸ್ಪ್ರಿಟಾಮ್ ಎಂಬ ಆ ಔಷಧಿ ಮೂರ್ಛೆರೋಗಕ್ಕೆ ಸಂಬಂಧಿಸಿದ್ದು. ಅದರಲ್ಲಿ ಪುಡಿಯನ್ನು ಒತ್ತದೆ, ಪದರ ಪದರವಾಗಿ ದ್ರವದಿಂದ ಅಂಟಿಸಿರುವುದರಿಂದ ಒಂದು ಗುಟುಕು ನೀರಿಗೆ ಬಾಯಲ್ಲಿಯೇ ಕರಗುತ್ತದೆ. ಆದರೆ ಅದು ಕಾರ್ಖಾನೆಯಲ್ಲಿ ನಿಗದಿಯಾದ ಪ್ರಮಾಣಗಳಲ್ಲಿ ತಯಾರಾಗುವಂತಹುದು. ಒಬ್ಬೊಬ್ಬರ ಮೈಗೆ ತಕ್ಕಂತೆ ಅಳತೆ ಬದಲಿಸುವ ಪ್ರಯೋಗ ಸ್ಪೇನ್ ದೇಶದ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಆಸ್ಪತ್ರೆಯಲ್ಲಿ ನಡೆದು, 2019ರಲ್ಲಿ ಪ್ರಕಟವಾಯಿತು. ಅಲ್ಲಿ ಆಹಾರದ ಕೆಲವು ಅಂಶಗಳನ್ನು ಅರಗಿಸಲಾಗದ ಜನ್ಮಜಾತ ಕಾಯಿಲೆಯ ಮಕ್ಕಳಿಗೆ, ಅವರವರಿಗೆ ಬೇಕಾದ ಪ್ರಮಾಣದಲ್ಲಿ, ಬೇರೆ ಬೇರೆ ರುಚಿ ಮತ್ತು ಬಣ್ಣದ ಅಗಿಯುವ ಗುಳಿಗೆಗಳನ್ನು ಮುದ್ರಿಸಿ ಕೊಡಲಾಯಿತು.

ಇಂತಹ ಗುಳಿಗೆಗಳು ನಮ್ಮ ಊರಿನ ಔಷಧಿ ಅಂಗಡಿಗಳಲ್ಲಿ ದೊರೆಯುವಂತಹವಲ್ಲ. ಅವುಗಳನ್ನು ಮಾಡಲು ತರಬೇತಿ ಪಡೆದವರು ಬೇಕು, ಪ್ರತಿ ಗುಳಿಗೆಯಲ್ಲಿಯೂ ಔಷಧಿ ಸರಿಯಾಗಿದೆಯೆಂಬ ಪರೀಕ್ಷೆ ಬೇಕು. ಆದರೆ ಆ ಯಂತ್ರವು ಅನುಸರಿಸುವ ನಿಯಮ ನಮ್ಮದೂ ಆಗಬಹುದು: ಗುಳಿಗೆಗೆ ಮೈಯನ್ನು ಹೊಂದಿಸುವುದಲ್ಲ, ಮೈಗೆ ಗುಳಿಗೆಯನ್ನು ಹೊಂದಿಸುವುದು.

ನಮ್ಮಲ್ಲಿಯೇ ಇರುವ ಅಳತೆಗಳು

ಸರ್ಕಾರದ ಆರೋಗ್ಯ ಕಾರ್ಯಕ್ರಮಗಳಲ್ಲಿ ಈ ನಿಯಮ ಆಗಲೇ ನಡೆಯುತ್ತಿದೆ. ಭೇದಿಯಾದ ಮಗುವಿಗೆ ಓ.ಆರ್.ಎಸ್. ದ್ರಾವಣದೊಂದಿಗೆ 20 ಮಿಲಿಗ್ರಾಂ ಸತುವಿನ ಗುಳಿಗೆಯನ್ನು ಕೊಡುತ್ತಾರೆ. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ ಅರ್ಧ ಗುಳಿಗೆ, ತಾಯಿಯ ಎದೆಹಾಲಿನಲ್ಲಿ ಕರಗಿಸಿ. ಆರು ತಿಂಗಳು ಮೀರಿ ಐದು ವರ್ಷದವರೆಗಿನ ಮಗುವಿಗೆ ದಿನಕ್ಕೆ ಒಂದು. ಭೇದಿ ನಿಂತರೂ 14 ದಿನ ಪೂರ್ಣ ಕೊಡಬೇಕು. ಜಂತುಹುಳುವಿಗೆ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ, ಎರಡು ವರ್ಷ ದಾಟಿದವರಿಗೆ ಪೂರ್ತಿ. ಕ್ಷಯರೋಗದ ಮಕ್ಕಳಿಗೆ ನೀರಿನಲ್ಲಿ ಕರಗುವ ಗುಳಿಗೆಗಳಿದ್ದು, ಮಗುವಿನ ತೂಕವನ್ನು ನೋಡಿ ಎಷ್ಟು ಗುಳಿಗೆಯೆಂದು ನಿರ್ಧರಿಸುತ್ತಾರೆ.

ನೆನಪಿಡತಕ್ಕ ಮಾತುಗಳು

1. ಮಗುವಿನ ತೂಕವನ್ನು ಅಂಗನವಾಡಿಯಲ್ಲಿ ತಪ್ಪದೆ ಮಾಡಿಸಿರಿ. ತಾಯಿ ಕಾರ್ಡಿನಲ್ಲಿ ಬರೆಸಿ, ವೈದ್ಯರ ಬಳಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ತಂದೆಗೂ ಆ ಅಂಕಿ ತಿಳಿದಿರಲಿ.

2. ದ್ರವ ಔಷಧಿಯನ್ನು ಅಡುಗೆಮನೆಯ ಚಮಚದಿಂದ ಅಳೆಯಬೇಡಿರಿ. ಶೀಶೆಯೊಂದಿಗೆ ಬಂದ ಅಳತೆಯ ಮುಚ್ಚಳ ಅಥವಾ ಡ್ರಾಪರನ್ನೇ ಬಳಸಿರಿ. ಪ್ಯಾರಾಸಿಟಮಾಲ್ ಹನಿಗಳು ಸಾಮಾನ್ಯವಾಗಿ 1 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ, ಸಿರಪ್ಪು 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುತ್ತವೆ. ಹನಿಗಳ ಶೀಶೆ ಚಿಕ್ಕದಾದರೂ ಅದರೊಳಗಿನ ಔಷಧಿ ನಾಲ್ಕು ಪಟ್ಟು ತೀಕ್ಷ್ಣ. ಆದ್ದರಿಂದ ಶೀಶೆಯ ಮೇಲಿನ ಬರಹವನ್ನು ಓದಿರಿ, ಇಲ್ಲವೆ ಓದಿಸಿಕೊಳ್ಳಿರಿ.

3. ನಡುವೆ ಗೀರು ಇರುವ ಗುಳಿಗೆಯನ್ನು, ವೈದ್ಯರು ಹೇಳಿದ್ದರೆ ಮಾತ್ರ, ಮುರಿಯಿರಿ. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆ, ಹೊದಿಕೆಯ ಗುಳಿಗೆ, ಕ್ಯಾಪ್ಸೂಲ್ ಇವನ್ನು ಕೇಳದೆ ಮುರಿಯಲಾಗದು. ಇಡೀ ದಿನಕ್ಕೆಂದು ಇಟ್ಟ ಔಷಧಿ ಒಮ್ಮೆಗೇ ಮೈಗೆ ಸೇರೀತು.

4. ಮೂರ್ಛೆರೋಗಕ್ಕೆ ಔಷಧಿ ಸೇವಿಸುವ ಸ್ತ್ರೀಯರು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಲಿ. ಗರ್ಭಿಣಿಯಾದೆನೆಂದು ಔಷಧಿಯನ್ನು ತಾವಾಗಿ ನಿಲ್ಲಿಸುವುದು ತಾಯಿಗೂ ಕೂಸಿಗೂ ಅಪಾಯ.

5. ಗರ್ಭಿಣಿಗೆ ಕೊಡುವ ಕಬ್ಬಿಣಾಂಶದ ಕೆಂಪು ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಸೇವಿಸತಕ್ಕದ್ದು. ಆಕೆಗೆ ರಕ್ತ ಕೊಡುವ ಆ ಗುಳಿಗೆ, ಮಿಠಾಯಿಯೆಂದು ತಿಳಿದು ಹಿರಿಯ ಮಗು ಹಲವನ್ನು ನುಂಗಿದರೆ ಪ್ರಾಣವನ್ನೇ ತೆಗೆಯಬಲ್ಲದು. ಮಗುವಿನ ಕೈಗೆ ಎಟುಕದಂತೆ ಬೀಗದೊಳಗಿಡಿರಿ. ನುಂಗಿದ್ದು ತಿಳಿದ ಕೂಡಲೇ, ಮಗು ಆಟವಾಡುತ್ತಿದ್ದರೂ ಕಾಯದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಗುಳಿಗೆಯ ಹಾಳೆಯೂ ಜೊತೆಗಿರಲಿ.

ಸಂದೇಹ ಬಂದಾಗ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ, ಭಾಲ್ಕಿ, ಔರಾದ ಅಥವಾ ಬೀದರಿನ ಸರ್ಕಾರಿ ಆಸ್ಪತ್ರೆಯನ್ನಾಗಲಿ ಕೇಳಿರಿ. ಕೇಳುವುದರಲ್ಲಿ ಸಂಕೋಚವಿಲ್ಲ. ಗುಳಿಗೆ ಮುದ್ರಿಸುವ ಯಂತ್ರ ನಮ್ಮೂರಿಗೆ ಬರುವ ದಿನ ಬರಲಿ. ಅಲ್ಲಿಯವರೆಗೆ ಮಗುವಿನ ತೂಕವನ್ನು ಬಲ್ಲ ತಂದೆತಾಯಿಗಳೂ, ಒಂದು ಅಳತೆಯ ಮುಚ್ಚಳವೂ ಆ ಕೆಲಸವನ್ನು ಬಹುಮಟ್ಟಿಗೆ ನಿರ್ವಹಿಸಬಲ್ಲವು.

ತೂಕ ತಿಳಿಯಿರಿ, ಅಳೆದು ಕೊಡಿರಿ, ಮಗುವನ್ನು ಕಾಪಾಡಿರಿ.