ಪೆಡಲ್ ಇದ್ದ ಮಾತ್ರಕ್ಕೆ ಸೈಕಲ್ಲೇ?

"ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಹುಡುಗರೂ ಓಡಿಸಬಹುದು." ವಿದ್ಯುತ್ ಸೈಕಲ್ ಮಾರುವ ಅಂಗಡಿಗಳಲ್ಲಿ ಈ ಮಾತನ್ನು ನೀವು ಕೇಳಿರಬಹುದು. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಅದಕ್ಕೆ ಅಂಟಿಕೊಂಡಿರುವ ಷರತ್ತುಗಳನ್ನು ಮಾರುವವರು ಹೇಳುವುದು ಕಡಿಮೆ, ಕೊಳ್ಳುವವರು ಕೇಳುವುದು ಇನ್ನೂ ಕಡಿಮೆ.

ನಿಮ್ಮ ತಾತನ ಕಾಲದ ಲೂನಾ ಮೊಪೆಡ್ಡನ್ನು ನೆನೆಯಿರಿ. ಅದಕ್ಕೆ ಸೈಕಲ್ಲಿನಂತೆಯೇ ಪೆಡಲ್ ಇತ್ತು. ಆದರೂ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ. ಈಗ ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಬಳಿ ಬಾಡಿಗೆಗೆ ಸಿಗುವ ಪುಟ್ಟ ವಿದ್ಯುತ್ ಗಾಡಿಗಳನ್ನು ನೋಡಿ. ಅವುಗಳಲ್ಲಿ ಹಲವಕ್ಕೆ ಪೆಡಲೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಅಂದರೆ ಪೆಡಲ್ ನೋಡಿ ತೀರ್ಮಾನಿಸುವಂತಿಲ್ಲ. ಹಾಗಾದರೆ ಕಾನೂನು ನೋಡುವುದೇನನ್ನು?

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಎಂಜಿನ್ ಸಾಮರ್ಥ್ಯ 25 ಘನ ಸೆಂಟಿಮೀಟರ್ ಮೀರದ ವಾಹನ ಮೋಟಾರು ವಾಹನವಲ್ಲ. ಪೆಟ್ರೋಲ್ ಎಂಜಿನಿಗೆ ಈ ಅಳತೆ ಸರಿ. ಆದರೆ ವಿದ್ಯುತ್ ಮೋಟಾರಿಗೆ ಸಿಲಿಂಡರೇ ಇಲ್ಲವಲ್ಲ, ಅಳೆಯುವುದೇನನ್ನು? ಈ ತೊಡಕನ್ನು ಬಿಡಿಸಲು 2005ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ ಬ್ಯಾಟರಿಚಾಲಿತ ವಾಹನದ ವ್ಯಾಖ್ಯೆಯನ್ನು ಸೇರಿಸಲಾಯಿತು. ಮೋಟಾರಿನ 'ಮೂವತ್ತು ನಿಮಿಷಗಳ ಶಕ್ತಿ' 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವಾಹನದ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಪೆಡಲ್ ತುಳಿಯುವ ಸೈಕಲ್ಲಾದರೆ, ವೇಗ ಏರಿದಂತೆ ಮೋಟಾರಿನ ನೆರವು ಕ್ರಮೇಣ ತಗ್ಗಿ 25 ಕಿಲೋಮೀಟರಿಗೆ ಪೂರ್ತಿ ನಿಲ್ಲಬೇಕು. ತುಳಿಯುವುದನ್ನು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ತಕ್ಕ ಬ್ರೇಕು, ಮುಂದೆ ಬಿಳಿಯ ಪ್ರತಿಫಲಕ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇದೆಲ್ಲ ಸರಿಯಿದೆಯೆಂದು ಪುಣೆಯ ಎ.ಆರ್.ಎ.ಐ.ನಂತಹ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು.

'ಮೂವತ್ತು ನಿಮಿಷಗಳ ಶಕ್ತಿ' ಎಂದರೇನು? ವಿದ್ಯುತ್ ಮೋಟಾರು ಏರು ದಾರಿಯಲ್ಲಿ ಕೆಲ ಕ್ಷಣ ತನ್ನ ಅಂಕಿಗಿಂತ ಹೆಚ್ಚು ಶಕ್ತಿ ಕೊಡಬಲ್ಲದು. ಹಾಗೆಯೇ ಮುಂದುವರಿದರೆ ಬಿಸಿಯಾಗಿ ಕೆಡುತ್ತದೆ. ಆದುದರಿಂದ ಕ್ಷಣಿಕ ಗರಿಷ್ಠವನ್ನು ಬಿಟ್ಟು, ಅರ್ಧ ಗಂಟೆ ತಡೆದುಕೊಳ್ಳಬಲ್ಲ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. 250 ವ್ಯಾಟ್ ಎಂದರೆ ಸುಮಾರು ಮೂರನೆಯ ಒಂದು ಅಶ್ವಶಕ್ತಿ. ಆರೋಗ್ಯವಂತನೊಬ್ಬ ಆರಾಮವಾಗಿ ಸೈಕಲ್ ತುಳಿಯುವಾಗ ನೂರು ವ್ಯಾಟಿನ ಆಸುಪಾಸಿನಲ್ಲಿ ಶಕ್ತಿ ಹಾಕುತ್ತಾನೆ. ಇಬ್ಬರು ಗೆಳೆಯರು ಹಿಂದಿನಿಂದ ತಳ್ಳಿದಷ್ಟು ನೆರವು ಎನ್ನಿ!

ಕೆಲವು ಗಾಡಿಗಳಲ್ಲಿ ವೇಗಮಿತಿಯನ್ನು ಕಾಯುವುದು ಒಂದು ತಂತಿಯ ಜೋಡಣೆ ಅಥವಾ ನಿಯಂತ್ರಕದ ಒಂದು ಹೊಂದಾಣಿಕೆ ಮಾತ್ರ. ಅದನ್ನು ಬಿಚ್ಚಿ 'ಸ್ಪೀಡ್ ಹೆಚ್ಚಿಸಿಕೊಡುವ' ಮೆಕ್ಯಾನಿಕರಿದ್ದಾರೆ. ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. 45 ಎಂದರೆ ಹನ್ನೆರಡೂವರೆ ಮೀಟರ್. ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಡಿಕ್ಕಿಯ ಹೊಡೆತ ಮೂರು ಪಟ್ಟಿಗೂ ಹೆಚ್ಚು. ಬ್ರೇಕು ಮಾತ್ರ ಹಳೆಯದೇ.

ತಂತಿ ಬಿಚ್ಚಿದ ಆ ಕ್ಷಣಕ್ಕೆ ನಿಮ್ಮ ಸೈಕಲ್ ಕಾನೂನಿನಲ್ಲಿ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಗುತ್ತದೆ. ನೀವು ಪರವಾನಗಿಯಿಲ್ಲದ ಚಾಲಕ. ಹದಿನೆಂಟು ತುಂಬದವರಾದರೆ ಸಂಗತಿ ಇನ್ನೂ ಗಂಭೀರ. 2019ರ ತಿದ್ದುಪಡಿಯ 199ಎ ಕಲಮಿನಂತೆ, ಅಪ್ರಾಪ್ತರು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಒಡೆಯರೇ ತಪ್ಪಿತಸ್ಥರು: ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ತಮಗೆ ತಿಳಿಯದೆ ಇದು ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಅವರೇ ರುಜುವಾತು ಮಾಡಬೇಕು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ತಂತಿ ಬಿಚ್ಚಿದ್ದು ಮಗ, ನ್ಯಾಯಾಲಯದಲ್ಲಿ ನಿಲ್ಲುವುದು ಅಪ್ಪ.

ಇನ್ನೊಂದು ಮುಖವೂ ಇದೆ. ನಿಯಮದೊಳಗೇ ಇರುವ ಸೈಕಲ್ ಯಾರಿಗಾದರೂ ಡಿಕ್ಕಿ ಹೊಡೆದರೆ? ಕಡ್ಡಾಯ ವಿಮೆಯೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯೂ ಇರುವುದು ಮೋಟಾರು ವಾಹನಗಳ ಅಪಘಾತಕ್ಕಾಗಿ. ಇಲ್ಲಿ ಗಾಯಗೊಂಡ ವೃದ್ಧರು ಪರಿಹಾರಕ್ಕೆ ಸಾಮಾನ್ಯ ಸಿವಿಲ್ ನ್ಯಾಯಾಲಯದ ಉದ್ದದ ದಾರಿ ಹಿಡಿಯಬೇಕು. ವಿನಾಯಿತಿ ಸವಾರನಿಗೆ ಸಲೀಸು. ಅದರ ಬೆಲೆ ಕೆಲವೊಮ್ಮೆ ದಾರಿಹೋಕನ ಮೇಲೆ ಬೀಳುತ್ತದೆ. ನನ್ನ ಮಟ್ಟಿಗೆ ಇದು ನಿಯಮದ ದೊಡ್ಡ ಕೊರತೆ. ಹಾಗೆಂದು ಸವಾರ ಸ್ವತಂತ್ರನೇನಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ 'ಯಾವುದೇ ವಾಹನ'ವನ್ನು ಅಪಾಯಕಾರಿಯಾಗಿ ಓಡಿಸುವುದನ್ನು ಶಿಕ್ಷಿಸುತ್ತದೆ. ಅದಕ್ಕೆ ವ್ಯಾಟಿನ ಲೆಕ್ಕವಿಲ್ಲ.

ಬ್ರಿಟನ್ನಿನಲ್ಲಿಯೂ 250 ವ್ಯಾಟಿನ ಮಿತಿಯೇ ಇದೆ. ಆದರೆ ಅಲ್ಲಿ ಸವಾರನಿಗೆ 14 ವರ್ಷವಾಗಿರಬೇಕು. ನಮ್ಮ ಕೇಂದ್ರ ನಿಯಮ ಈ ಗುಂಪಿನ ವಾಹನಗಳಿಗೆ ವಯಸ್ಸನ್ನು ಹೇಳಿಲ್ಲ. ಹೆಲ್ಮೆಟನ್ನೂ ಕಡ್ಡಾಯ ಮಾಡಿಲ್ಲ; ತಲೆ ನಿಮ್ಮದೇ ಆದ್ದರಿಂದ ಧರಿಸಿ.

ಕೊಳ್ಳುವಾಗ "ಲೈಸೆನ್ಸ್ ಬೇಡ" ಎಂಬ ಮಾತಿಗೆ ತೃಪ್ತರಾಗದೆ, ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ. ಅದರಲ್ಲಿರುವ ಮಾದರಿಯ ಹೆಸರು ನಿಮ್ಮ ಮುಂದಿರುವ ಗಾಡಿಯದೇ ಹೌದೇ ಎಂದು ತಾಳೆ ನೋಡಿ, ರಸೀತಿಯ ಜೊತೆ ಇಟ್ಟುಕೊಳ್ಳಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ತೋರಿಸಲು ನಿಮ್ಮ ಬಳಿ ಇರುವುದು ಆ ಒಂದು ಕಾಗದವೇ.