ಕೊಳವೆ ಕಟ್ಟಿದಾಗ ರಾಸಾಯನಿಕ ಬೇಡ: ಸಾರ್ವಜನಿಕರ ತಿಳಿವಳಿಕೆಗಾಗಿ

ಕೊಡಗಿನ ಗ್ರಾಮೀಣ ಮನೆಗಳ ಬಳಕೆ ನೀರು ನಗರಗಳಂತೆ ಒಳಚರಂಡಿ ಸೇರಿ ದೂರ ಹೋಗುವುದಿಲ್ಲ. ಅಡುಗೆಮನೆ ಹಾಗೂ ಬಚ್ಚಲಿನ ನೀರು ಇಂಗುಗುಂಡಿಗೂ ಶೌಚಾಲಯದ ನೀರು ಸೆಪ್ಟಿಕ್ ಟ್ಯಾಂಕಿಗೂ ಸೇರುತ್ತದೆ. ಕೆಲವು ಮನೆಗಳಲ್ಲಿ ಎರಡೂ ಒಂದೇ ಟ್ಯಾಂಕಿಗೆ ಹರಿಯುತ್ತವೆ. ಆದುದರಿಂದ ಸಿಂಕಿಗೆ ಸುರಿದುದು ನಮ್ಮ ಹಿತ್ತಲಿನಲ್ಲಿಯೇ ಉಳಿಯುತ್ತದೆ. ಕಟ್ಟಿದ ಕೊಳವೆಗೆ ಡ್ರೈನ್ ಕ್ಲೀನರ್ ಪುಡಿಯನ್ನಾಗಲಿ ಆಸಿಡ್ಡನ್ನಾಗಲಿ ಸುರಿಯುವ ಮುನ್ನ ಈ ಸಂಗತಿಯನ್ನು ನೆನಪಿನಲ್ಲಿಡುವುದು ಅಗತ್ಯ.

ಕೊಳವೆ ಕಟ್ಟುವುದೇಕೆ?

ಅಡುಗೆಮನೆಯ ಕೊಳವೆ ಕಟ್ಟಲು ಮುಖ್ಯ ಕಾರಣ ಜಿಡ್ಡು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ. ಹಂದಿಮಾಂಸದ ಕೊಬ್ಬು ಅದಕ್ಕೂ ಬೇಗ ಹೆಪ್ಪುಗಟ್ಟುತ್ತದೆ. ಮಳೆಗಾಲ, ಚಳಿಗಾಲಗಳಲ್ಲಿ ತಣ್ಣಗಿರುವ ಕೊಳವೆಯ ಒಳಮೈಗೆ ಈ ಜಿಡ್ಡು ಅಂಟಿ, ಅದರ ಮೇಲೆ ಕಾಫಿ ಗಸಿ, ಅನ್ನದ ಅಗುಳು ಸೇರಿ ನೀರಿನ ದಾರಿ ಮುಚ್ಚುತ್ತದೆ.

ರಾಸಾಯನಿಕಗಳ ಅಪಾಯ

ಇಂತಹ ಪುಡಿಗಳಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ನೀರು ತಾಗಿದೊಡನೆ ಅದು ತೀವ್ರ ಶಾಖವನ್ನು ಹೊಮ್ಮಿಸುತ್ತದೆ. ಕೊಳವೆ ಪೂರ್ಣ ಮುಚ್ಚಿದ್ದರೆ ದ್ರಾವಣ ಮುಂದೆ ಸಾಗದೆ ಅಲ್ಲಿಯೇ ಕುದಿದು ಪಿವಿಸಿ ಕೊಳವೆಯನ್ನು ಮೆತ್ತಗಾಗಿಸಬಹುದು, ಜೋಡಣೆಗಳನ್ನು ಸಡಿಲಿಸಬಹುದು, ಮೇಲಕ್ಕೆ ಚಿಮ್ಮಿ ಕಣ್ಣನ್ನೇ ಸುಡಬಹುದು. ಆಸಿಡ್ ಕಬ್ಬಿಣವನ್ನೂ ಸಿಮೆಂಟನ್ನೂ ಕೊರೆಯುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದ ರಣಭೂಮಿಯಲ್ಲಿ ಅಸ್ತ್ರವಾಗಿ ಬಳಕೆಯಾದುದು ಇದೇ ಅನಿಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಪಾಯಕಾರಿ.

ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವವು ಸೂಕ್ಷ್ಮಾಣುಜೀವಿಗಳು. ಪದೇ ಪದೇ ಸುರಿದ ರಾಸಾಯನಿಕ ಅವುಗಳನ್ನು ಕೊಲ್ಲುತ್ತದೆ. ಆಗ ಕರಗದ ಕಶ್ಮಲ ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಭಾರಿ ಮಳೆಯಲ್ಲಿ ಗುಂಡಿ ಉಕ್ಕಿ ಸಮೀಪದ ಬಾವಿಗೆ ಕುತ್ತು ತರಬಹುದು.

ಅನುಸರಿಸಬೇಕಾದ ಕ್ರಮಗಳು

1. ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರೆಸಿದ ನಂತರವೇ ತೊಳೆಯಿರಿ. ಕಾಫಿ ಗಸಿಯನ್ನು ಗಿಡದ ಬುಡಕ್ಕೆ ಹಾಕಿ. ಸಿಂಕಿನ ಬಾಯಿಗೆ ಜಾಲರಿ ಇಡಿ.
2. ನೀರು ನಿಧಾನವಾಗಿ ಇಳಿಯುತ್ತಿದ್ದರೆ ಬಿಸಿನೀರು ಹರಿಸಿ. ಕುದಿಯುವ ನೀರು ಬೇಡ.
3. ಪೂರ್ಣ ಕಟ್ಟಿದ್ದರೆ ಪ್ಲಂಜರ್ ಬಳಸಿ, ಅಥವಾ ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆಯಿರಿ.
4. ರಾಸಾಯನಿಕವನ್ನು ಈಗಾಗಲೇ ಸುರಿದಿದ್ದರೆ ಪ್ಲಂಜರ್ ಬಳಸಬೇಡಿ, ಟ್ರ್ಯಾಪ್ ಬಿಚ್ಚಬೇಡಿ. ದುರಸ್ತಿಗೆ ಬರುವ ಪ್ಲಂಬರಿಗೆ ತಪ್ಪದೆ ತಿಳಿಸಿ. ಬರಿಗೈಯಲ್ಲಿ ಕೊಳವೆ ಬಿಚ್ಚುವವರು ಅವರು.
5. ಸೆಪ್ಟಿಕ್ ಟ್ಯಾಂಕ್ ತುಂಬಿದ್ದರೆ ಸಕ್ಕಿಂಗ್ ಯಂತ್ರ ತರಿಸಿ. ಸುರಕ್ಷತಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಟ್ಯಾಂಕಿಗಿಳಿಸುವುದು 2013ರ ಅಧಿನಿಯಮದಂತೆ ಶಿಕ್ಷಾರ್ಹ ಅಪರಾಧ.
6. ಆಸಿಡ್ಡನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳು ಕುಡಿಯುವ ಸಂಭವವಿದೆ.

ಪ್ರಥಮ ಚಿಕಿತ್ಸೆ

ಚರ್ಮಕ್ಕೆ ಅಥವಾ ಕಣ್ಣಿಗೆ ತಾಗಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ನುಂಗಿದವರಿಗೆ ವಾಂತಿ ಮಾಡಿಸಬಾರದು. ಹುಣಸೆನೀರು, ನಿಂಬೆರಸ ಕುಡಿಸಬಾರದು. ವಿಷಾನಿಲ ಹರಡಿದರೆ ಕೂಡಲೇ ಹೊರಗೆ ಬರಬೇಕು. ಎಲ್ಲ ಸಂದರ್ಭಗಳಲ್ಲಿಯೂ 108ಕ್ಕೆ ಕರೆ ಮಾಡಿ, ರಾಸಾಯನಿಕದ ಡಬ್ಬಿಯನ್ನು ಆಸ್ಪತ್ರೆಗೆ ಜೊತೆಯಲ್ಲಿ ಒಯ್ಯಬೇಕು.

ಗ್ರಾಮ ಪಂಚಾಯಿತಿಗಳು ಈ ಮಾಹಿತಿಯನ್ನು ಗ್ರಾಮಸಭೆಗಳಲ್ಲಿ ಓದಿ ಹೇಳುವುದು, ಹೋಂಸ್ಟೇ ಹಾಗೂ ಕಾಫಿ ತೋಟಗಳ ಲೈನ್‌ಮನೆಗಳಿಗೆ ತಲುಪಿಸುವುದು.