ಹೊಣೆಯೂ ಅದರ ಎಲ್ಲೆಯೂ

‘ಹೊಣೆ’ ಎಂಬ ಮಾತಿಗೆ ಜಾಮೀನು ಎಂಬುದು ಹಳೆಯ ಅರ್ಥ; ಹಳಗನ್ನಡದ ‘ಪೊಣೆ’ ಇದರ ಪೂರ್ವರೂಪ. ಮತ್ತೊಬ್ಬನ ಸಾಲಕ್ಕೆ ಹೊಣೆಯಾಗುವವನು ಯಾರಿಗೆ, ಎಷ್ಟಕ್ಕೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಎಲ್ಲೆಯಿಲ್ಲದ ಹೊಣೆಯನ್ನು ಯಾರೂ ಹೊರಲಾರರು. ಸಾವಿರಾರು ಜನರು ದುಡಿಯುವ ಸಂಸ್ಥೆಗಳಲ್ಲಿ ಈ ಎಲ್ಲೆಯನ್ನು ನಿರ್ಣಯಿಸುವುದೇ ಆಡಳಿತದ ಮೊದಲನೆಯ ಸಮಸ್ಯೆ. ವ್ಯಾಪಾರದಲ್ಲಿಯೂ ಯುದ್ಧದಲ್ಲಿಯೂ ಅದು ಹೇಗೆ ಎದುರಾಯಿತೆಂಬುದಕ್ಕೆ ಅಮೆರಿಕಾದ ರೈಲ್ವೆಗಳ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ಮ್ಯಾಸಚೂಸೆಟ್ಸ್ ಸಂಸ್ಥಾನದ ವೆಸ್ಟರ್ನ್ ರೈಲ್ವೆಯಲ್ಲಿ 1841ನೆಯ ಅಕ್ಟೋಬರ್ 5ರಂದು ಎರಡು ಪ್ರಯಾಣಿಕರ ಬಂಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಇಬ್ಬರು ಸತ್ತರು. ಹದಿನೇಳು ಮಂದಿ ಗಾಯಗೊಂಡರು. ಒಂದೇ ಜೋಡಿ ಹಳಿಯ ಮೇಲೆ ಎರಡು ದಿಕ್ಕಿನ ಬಂಡಿಗಳೂ ಓಡಬೇಕಾಗಿದ್ದ ಆ ಮಾರ್ಗವನ್ನು ಇದಾದ ಬಳಿಕ ಮೂರು ವಿಭಾಗಗಳಾಗಿ ಮಾಡಿ, ಬಂಡಿಗಳ ಸಂಚಾರ, ಹಳಿಗಳ ರಕ್ಷಣೆ, ಯಂತ್ರಗಳ ದುರಸ್ತಿ ಇವುಗಳಿಗೆ ಪ್ರತಿಯೊಂದು ವಿಭಾಗದಲ್ಲಿಯೂ ಬೇರೆ ಬೇರೆ ಅಧಿಕಾರಿಗಳನ್ನು ನೇಮಿಸಲಾಯಿತು. ಹೊಣೆಯು ಹೀಗೆ ಸ್ಥಳದಿಂದಲೂ ಕಾರ್ಯದಿಂದಲೂ ಪರಿಮಿತವಾಯಿತು.

ಈ ವಿಚಾರಕ್ಕೆ ಶಾಸ್ತ್ರರೂಪವನ್ನು ಕೊಟ್ಟವನು ನ್ಯೂಯಾರ್ಕ್ ಮತ್ತು ಈರಿ ರೈಲ್ವೆಯ ಸೂಪರಿಂಟೆಂಡೆಂಟನಾಗಿದ್ದ ಡೇನಿಯಲ್ ಮೆಕ್ಯಾಲಮ್. ಐವತ್ತು ಮೈಲಿಯ ಮಾರ್ಗವನ್ನು ಒಬ್ಬನೇ ಅಧಿಕಾರಿಯು ಕಣ್ಣಾರೆ ಕಂಡು ನಡೆಸಬಹುದು. ಐನೂರು ಮೈಲಿಯ ಮಾರ್ಗಕ್ಕೆ ವ್ಯವಸ್ಥೆಯೇ ಬೇಕು ಎಂಬುದು ಅವನ ವಾದ. ಹೊಣೆಯನ್ನು ಸರಿಯಾಗಿ ಹಂಚಬೇಕು. ಹೊಣೆಗೆ ತಕ್ಕಷ್ಟು ಅಧಿಕಾರವನ್ನೂ ಕೊಡಬೇಕು. ಕೆಲಸವು ನಡೆಯಿತೋ ಇಲ್ಲವೋ ಎಂಬುದು ದಿನದಿನದ ವರದಿಯಿಂದ ತಿಳಿಯಬೇಕು. ನೌಕರನು ತನ್ನ ನೇರವಾದ ಮೇಲಧಿಕಾರಿಯಿಂದ ಮಾತ್ರ ಆಜ್ಞೆಯನ್ನು ಪಡೆಯಬೇಕು: ಇವು ಅವನ ಸೂತ್ರಗಳ ಸಾರ. ಅವನು 1855ರಲ್ಲಿ ಸಿದ್ಧಪಡಿಸಿದ ಸಂಸ್ಥೆಯ ಚಿತ್ರಪಟವು ಮರದ ಆಕಾರದಲ್ಲಿದೆ. ಆಡಳಿತಮಂಡಲಿಯು ಅದರಲ್ಲಿ ತುದಿಯಲ್ಲಿಲ್ಲ, ಬುಡದಲ್ಲಿದೆ.

ಆದರೆ ಸೂತ್ರವನ್ನು ರಚಿಸುವುದು ಸುಲಭ, ಪಾಲಿಸುವುದು ಕಷ್ಟ. ನಿಲ್ದಾಣದಲ್ಲಿ ಹಳಿ ಬದಲಿಸುವೆಡೆ ಬಂಡಿಯು ಹಳಿ ತಪ್ಪಿದರೆ, ಪಾಯಿಂಟ್ಸ್‌ಮನ್ನನು ಮುಂದೆ ಬರುವಂತೆ ಸನ್ನೆ ಮಾಡಿದ್ದರೂ ಎಂಜಿನ್ ಚಾಲಕನೇ ಹೊಣೆಯೆಂದು ಮೆಕ್ಯಾಲಮನ ನಿಯಮವೊಂದು ವಿಧಿಸಿತ್ತು. ಇದನ್ನು ವಿರೋಧಿಸಿ ಚಾಲಕರು 1854ರಲ್ಲಿ ಮುಷ್ಕರ ಹೂಡಿದರು. 1856ರಲ್ಲಿ ಕಲಹವು ಮರುಕಳಿಸಿತು. 1857ರಲ್ಲಿ ಮೆಕ್ಯಾಲಮನು ಅಧಿಕಾರವನ್ನು ಬಿಟ್ಟನು. ಹಳಿಯನ್ನು ತಿರುಗಿಸುವ ಅಧಿಕಾರ ಒಬ್ಬನದು, ತಿರುಗಿಸಿದುದರ ಫಲಕ್ಕೆ ಹೊಣೆ ಮತ್ತೊಬ್ಬನದು ಎಂಬ ಏರ್ಪಾಡು ಅವನ ಸೂತ್ರಕ್ಕೇ ವಿರುದ್ಧವಾಗಿತ್ತು.

ಅಂತರ್ಯುದ್ಧವು ಇದೇ ಸಮಸ್ಯೆಯನ್ನು ಸೇನೆಯೊಳಕ್ಕೆ ತಂದಿತು. 1862ನೆಯ ಫೆಬ್ರವರಿಯಲ್ಲಿ ಮೆಕ್ಯಾಲಮನು ಒಕ್ಕೂಟದ ಸೇನಾ ರೈಲ್ವೆಗಳ ನಿರ್ದೇಶಕನಾದನು. ವರ್ಜೀನಿಯಾದ ಮಾರ್ಗಗಳು ಹರ್ಮನ್ ಹಾಪ್ಟನ ಕೈಯಲ್ಲಿದ್ದುವು. ಆ ವರ್ಷದ ಆಗಸ್ಟಿನಲ್ಲಿ ಸೇನಾಪತಿ ಪೋಪನಿಗೆ ಸೈನ್ಯವನ್ನೂ ಸಾಮಗ್ರಿಯನ್ನೂ ತುರ್ತಾಗಿ ಕಳುಹಿಸಬೇಕಾಗಿದ್ದಾಗ, ಜನರಲ್ ಸ್ಟರ್ಜಿಸನು ತನ್ನ ದಂಡೇ ಮೊದಲು ಹೋಗಬೇಕೆಂದು ಅಲೆಕ್ಸಾಂಡ್ರಿಯದ ಬಳಿ ಮಾರ್ಗವನ್ನು ವಶಪಡಿಸಿಕೊಂಡನು. ಬಂಡಿಗಳೆಲ್ಲ ನಿಂತುಹೋದುವು. ಕರ್ನಲ್ ಪದವಿಯ ಹಾಪ್ಟನು ತಂತಿಯ ಮೂಲಕ ದೂರಿತ್ತು, ಪ್ರಧಾನ ಸೇನಾಪತಿ ಹ್ಯಾಲೆಕನ ಆಜ್ಞೆಯನ್ನು ಪಡೆದ ಮೇಲೆಯೇ ಮಾರ್ಗವು ತೆರವಾಯಿತು. ನವೆಂಬರ್ 10ರಂದು ಹ್ಯಾಲೆಕನು ಈ ವಿಷಯವನ್ನು ಎಲ್ಲರಿಗೂ ಅನ್ವಯಿಸುವಂತೆ ವಿಧಿಸಿದನು: ಯಾವ ಪದವಿಯ ಅಧಿಕಾರಿಯೇ ಆಗಲಿ, ರೈಲ್ವೆಯ ಸೂಪರಿಂಟೆಂಡೆಂಟನು ಗೊತ್ತುಮಾಡಿದ ಬಂಡಿಗಳ ಸಂಚಾರದಲ್ಲಿ ಕೈಹಾಕಿದರೆ ಸೇವೆಯಿಂದ ವಜಾ ಆಗತಕ್ಕದ್ದು. ಯುದ್ಧವು ಮುಗಿಯುವುದರೊಳಗೆ ಈ ಇಲಾಖೆಯು ಒಟ್ಟು 2,105 ಮೈಲಿ ಮಾರ್ಗವನ್ನು ನಡೆಸಿತು.

ಪದವಿ ಬೇರೆ, ಹೊಣೆಯ ಕ್ಷೇತ್ರ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪದವಿಯು ಯಾರು ಹಿರಿಯರೆಂಬುದನ್ನು ತಿಳಿಸುತ್ತದೆ. ಈ ಕೆಲಸದಲ್ಲಿ ಯಾರ ಮಾತು ನಡೆಯತಕ್ಕದ್ದೆಂಬುದನ್ನು ಕ್ಷೇತ್ರವು ತಿಳಿಸುತ್ತದೆ. ಕೆಳಗಿನವನನ್ನು ಮಾತ್ರ ಕಟ್ಟಿ ಮೇಲಿನವನನ್ನು ಕಟ್ಟದ ಎಲ್ಲೆಯು ಎಲ್ಲೆಯಲ್ಲ. ಈರಿ ರೈಲ್ವೆಯ ಚಾಲಕರು ಕೇಳಿದುದೂ ಹ್ಯಾಲೆಕನು ಆಜ್ಞಾಪಿಸಿದುದೂ ಈ ಒಂದೇ ನ್ಯಾಯವನ್ನು: ಹೊಣೆಯು ಯಾರದೋ ಅಧಿಕಾರವೂ ಅವರದೇ ಆಗಿರಬೇಕು.